ಚಹಾಕ್ಕಿಂತ ಮೊದಲಿನ ಗುಳಿಗೆ

“ಬಿಡು ಅದನ್ನ! ನನಗ ಹುಚ್ಚು ಹಿಡದೈತಿ ಅಂತ ಊರಿಗೆಲ್ಲಾ ಡಂಗುರ ಹೊಡಿಬೇಕಂತ ಮಾಡೀಯೇನ?”

“ಹುಚ್ಚು ಅಂತ ಯಾರಂದ್ರು ಅಕ್ಕಾ? ಈ ಡಬ್ಬಿ ತಗೊಂಡು ಡಾಕ್ಟರ ಕಡೆ ಹೋಗೂಣ ಅಂದೆ, ಅಷ್ಟ. ಕೈ ನೋಡ್ಕೋ, ಹೆಂಗ ನಡುಗಾಕತ್ತಾವು!”

ಇಬ್ಬರು ಹೆಂಗಸರ ಎಳೆದಾಟದಲ್ಲಿ ಸಿಕ್ಕಿದ್ದ ಆ ಡಬ್ಬಿ ನಾನೇ. ಥೈರಾಯ್ಡ್ ಗುಳಿಗೆಯ ಪ್ಲಾಸ್ಟಿಕ್ ಡಬ್ಬಿ. ನನಗೆ ಬಾಯಿದ್ದಿದ್ದರೆ ಇಬ್ಬರಿಗೂ ಚೆನ್ನಾಗಿ ಬೈಯುತ್ತಿದ್ದೆ.

ನಾನು ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ. ಬಿಸಿ ಅಚ್ಚಿನಿಂದ ಬಿದ್ದೆ, ಹೊಟ್ಟೆ ತುಂಬಿಸಿದರು, ಮೈಗೆ ಚೀಟಿ ಅಂಟಿಸಿದರು. ಲಾರಿಯಲ್ಲಿ ಕುಲುಕಿಕೊಂಡು ಬಂದು ಗದಗಿನ ಒಂದು ಔಷಧದ ಅಂಗಡಿಯಲ್ಲಿ ಕೂತೆ. ಅಲ್ಲಿಂದ ನನ್ನನ್ನು ತಂದವಳು ಚನ್ನಬಸವ್ವ, ಬಸ್ ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುವವಳು. ಅವಳ ಜೊತೆ ರೊಟ್ಟಿ ಬಡಿಯುವವಳು ಪಾರ್ವತೆವ್ವ. ಗಂಡ ಬಿಟ್ಟು ಹೋದಮೇಲೆ ಈ ಒಲೆಯ ಮುಂದೆ ಬಂದು ಕೂತವಳು. ರಕ್ತಸಂಬಂಧ ಏನೂ ಇಲ್ಲ, ಆದರೂ ಬಾಯಿ ತುಂಬ ಅಕ್ಕಾ ಅನ್ನುವಳು.

ಆ ಖಾನಾವಳಿಯಲ್ಲಿ ಒಲೆ ಹೊತ್ತಿದ ಕೂಡಲೇ ಮೊದಲು ಚಹಾ, ಆಮೇಲೆ ಉಳಿದದ್ದು. ಚನ್ನಬಸವ್ವ ಗುಳಿಗೆಯನ್ನೂ ಚಹಾದ ಜೊತೆಗೇ ನುಂಗುತ್ತಿದ್ದಳು. ಹಾಗೆ ನುಂಗಿದರೆ ಗುಳಿಗೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಮುಖದ ಬಾವು ಇಳಿಯಲಿಲ್ಲ, ಸುಸ್ತು ಹೋಗಲಿಲ್ಲ. ಡಾಕ್ಟರು ರಕ್ತ ತಪಾಸಣೆ ಮಾಡಿಸಿ ಪ್ರಮಾಣ ಏರಿಸಿದರು. ಹೇಗೆ ನುಂಗುತ್ತೀ ಎಂದು ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ. ಆ ಏರಿಸಿದ ಗುಳಿಗೆಯ ಡಬ್ಬಿ ನಾನು.

ನನ್ನನ್ನು ಕೊಳ್ಳುವಾಗ ಜೊತೆಗಿದ್ದ ಪಾರ್ವತೆವ್ವ ಅಂಗಡಿಯವನ ಮಾತನ್ನು ಕಿವಿಗೊಟ್ಟು ಕೇಳಿದ್ದಳು. ಮರುದಿನ ಚಹಾದ ಪಾತ್ರೆಯನ್ನೇ ಬಚ್ಚಿಟ್ಟಳು. “ಮೊದಲ ನೀರಾಗ ಗುಳಿಗಿ. ಅರ್ಧ ತಾಸು ಬಿಟ್ಟು ಚಾ. ಬೈತೀಯಾ? ಬೈ, ಕೊಡಂಗಿಲ್ಲ!”

“ನಮ್ಮತ್ತಿ ಸತ್ತು ನೀ ಹುಟ್ಟೀ ನೋಡು,” ಎಂದು ಚನ್ನಬಸವ್ವ ನಕ್ಕು ನೀರು ಕುಡಿದಳು.

ಅಲ್ಲಿಗೆ ಕೆಟ್ಟಿತು. ಈಗ ಗುಳಿಗೆ ಪೂರ್ತಿ ಹತ್ತತೊಡಗಿತು, ಅದೂ ಏರಿಸಿದ ಗುಳಿಗೆ. ವಾರಗಳು ಕಳೆದಂತೆ ಅವಳ ಎದೆ ಡವಡವ ಹೊಡೆದುಕೊಂಡಿತು. ತಟ್ಟೆ ಬಿದ್ದರೆ ಬೆಚ್ಚುವಳು. ಕೀಲಿ ಹಾಕಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ಎದ್ದು ನೋಡುವಳು. ಊಟಕ್ಕೆ ಕೂತವರು ಪಿಸುಗುಟ್ಟಿದರೆ ತನ್ನದೇ ಸುದ್ದಿ ಎನ್ನುವಳು. ನಡುಗುವ ಕೈಯಲ್ಲಿ ರೊಟ್ಟಿ ಹರಿದರೆ ಬೈಗುಳ ಮಾತ್ರ ಪಾರ್ವತೆವ್ವನಿಗೆ, ಹಿಟ್ಟು ಸರಿಯಾಗಿ ನಾದಿಲ್ಲ ಎಂದು. ಮುಚ್ಚಳ ತೆರೆದಾಗಲೆಲ್ಲ ‘ಬೇಡ, ಇವತ್ತು ಬೇಡ’ ಎಂದು ನಾನು ಒಳಗೊಳಗೇ ಕೂಗುತ್ತಿದ್ದೆ. ಡಬ್ಬಿಯ ಕೂಗು ಯಾರಿಗೆ ಕೇಳಬೇಕು?

ಕೊನೆಗೆ ಪಾರ್ವತೆವ್ವನಿಗೇ ಅನುಮಾನ ಬಂದು ನನಗೆ ಕೈ ಹಾಕಿದಳು. ಎಳೆದಾಟ ಆದದ್ದು ಆಗ, ಊಟದ ಹೊತ್ತಿನಲ್ಲಿ, ಮಂದಿಯ ಮುಂದೆ.

“ನೀರಾಗ ನುಂಗು ಅಂದಾಕಿನೂ ನೀನ, ಈಗ ಬ್ಯಾಡ ಅನ್ನಾಕಿನೂ ನೀನ!” ಚನ್ನಬಸವ್ವ ನನ್ನನ್ನು ಕಿತ್ತುಕೊಂಡಳು. “ನನ್ನ ಹುಚ್ಚಿ ಮಾಡಿ ಖಾನಾವಳಿ ಹೊಡಕೊಳ್ಳಾಕ ನೋಡ್ತೀ. ನಿನ್ನ ಗಂಡ ಸುಮ್ನ ಬಿಟ್ಟು ಹೋಗಲಿಲ್ಲ!”

ಉಣ್ಣುವವರ ಕೈಗಳು ತಾಟಿನಲ್ಲೇ ನಿಂತವು. ಪಾರ್ವತೆವ್ವ ಹಂಚಿನ ಮೇಲೆ ಹೊತ್ತುತ್ತಿದ್ದ ರೊಟ್ಟಿಯನ್ನು ತಿರುವಿ ಹಾಕಿದಳು. ಕೈಗೆ ಮೆತ್ತಿದ ಹಿಟ್ಟು ತೊಳೆದುಕೊಂಡಳು.

“ಡಾಕ್ಟರಿಗೆ ಚಾದ ಸುದ್ದಿ ಹೇಳಕ್ಕಾ. ಅದೊಂದ ಹೇಳು,” ಎಂದು ಸೆರಗು ಹೊದ್ದು ಹೊರಟುಹೋದಳು.

ಚನ್ನಬಸವ್ವ ಹೇಳಿದಳು. ಡಾಕ್ಟರು ಪ್ರಮಾಣ ಇಳಿಸಿದರು. ನಿಧಾನಕ್ಕೆ ಎದೆ ತಣ್ಣಗಾಯಿತು, ಕೈ ನೆಟ್ಟಗಾಯಿತು. ಆಗ ಅವಳು ನನ್ನನ್ನು ಸೆರಗಿನಲ್ಲಿ ಕಟ್ಟಿಕೊಂಡು ಪಾರ್ವತೆವ್ವನ ಮನೆಗೆ ಹೋದಳು. ನನ್ನನ್ನು ಅವಳ ಮುಂದಿಟ್ಟು, “ಇದು ಆಡಿಸಿದ ಮಾತವ್ವಾ ಅವು, ನಾ ಆಡಿದ್ದಲ್ಲ,” ಎಂದಳು.

ಪಾರ್ವತೆವ್ವ ನನ್ನನ್ನು ಎತ್ತಿ ತಿರುಗಿಸಿ ನೋಡಿದಳು.

“ಗುಳಿಗಿಗೆ ನನ್ನ ಗಂಡನ ಸುದ್ದಿ ಹೆಂಗ ಗೊತ್ತಾತಕ್ಕಾ?”

ಚನ್ನಬಸವ್ವ ನನ್ನನ್ನು ತಿರುಗಿ ಸೆರಗಿಗೆ ಕಟ್ಟಿಕೊಂಡು ಎದ್ದಳು. ಕೋಪದ ಕಿಚ್ಚು ನನ್ನದೇ ಇರಬಹುದು. ಆ ಮಾತು ಮಾತ್ರ ನನ್ನ ಹೊಟ್ಟೆಯಲ್ಲಿ ಇರಲಿಲ್ಲ.

ಈಗ ನನ್ನ ಗುಳಿಗೆಗಳ ವಾಯಿದೆ ಮುಗಿದಿದೆ. ಖಾನಾವಳಿಯ ಗೋಡೆಯ ಮಾಡದಲ್ಲಿ ಧೂಳು ತಿನ್ನುತ್ತಾ ಕೂತಿದ್ದೇನೆ. ಬಾಗಿಲಲ್ಲಿ ಬಳೆಯ ಸದ್ದಾದರೆ ಚನ್ನಬಸವ್ವ ತಲೆ ಎತ್ತುತ್ತಾಳೆ. ಪಾರ್ವತೆವ್ವ ಮತ್ತೆ ಬರಲಿಲ್ಲ.