ಬೆಳಗಿನ ಮೊದಲ ಸ್ಟಾರ್ಟ್

೧

ಎಲ್ಲಿಂದ ಶುರು ಮಾಡಲಿ ಹೇಳಿ. ಕಾರಿನಿಂದಲೋ, ಸಾವಿನಿಂದಲೋ? ಸಾವಿನಿಂದ ಶುರು ಮಾಡಿದರೆ ಕಣ್ಣೊರೆಸಿಕೊಂಡಾದರೂ ಮುಂದೆ ಓದುತ್ತೀರಿ. ಕಾರಿನಿಂದ ಶುರು ಮಾಡಿದರೆ ಅರ್ಧ ಜನ ಪುಟ ಮಗುಚಿಬಿಡುತ್ತೀರಿ. ಆದರೂ ಕಾರಿನಿಂದಲೇ. ತಪ್ಪೆಲ್ಲ ಕಾರಿನದೇ ಎಂದು ನಂಬಿಕೊಂಡು ಇದ್ದುಬಿಟ್ಟಿದ್ದರೆ ಈ ಅಣ್ಣ ತಂಗಿ ಇಬ್ಬರಿಗೂ ಒಳ್ಳೆಯದಿತ್ತು.

೨

ಎಂಜಿನ್ನಿಗೂ ಒಂದು ಮೂಗಿರುತ್ತದೆ. ಥ್ರಾಟಲ್ ಬಾಡಿ ಎಂದರೆ ಅದೇ: ಒಂದು ಕೊಳವೆ, ಒಳಗೊಂದು ತಟ್ಟೆಯಂಥ ಮುಚ್ಚಳ, ಪೆಡಲ್ ಒತ್ತಿದಷ್ಟೂ ಅದು ತೆರೆದು ಗಾಳಿ ಒಳಗೆ ಹೋಗುತ್ತದೆ. ಅದರ ಪಕ್ಕದಲ್ಲೇ ಕೋಲ್ಡ್ ಸ್ಟಾರ್ಟ್. ಚಳಿಯ ಬೆಳಗಿನಲ್ಲಿ ಎಂಜಿನ್ ಏಳಲೊಲ್ಲೆ ಎಂದು ಮುದುಡಿಕೊಂಡಾಗ ಒಂದು ಗುಟುಕು ಹೆಚ್ಚು ಗಾಳಿ, ಒಂದು ಗುಟುಕು ಹೆಚ್ಚು ಪೆಟ್ರೋಲು ಕೊಟ್ಟು ತಾನಾಗಿಯೇ ಎಬ್ಬಿಸುವ ಏರ್ಪಾಡು. (‘ತಾಯಿಯಂತೆ’ ಎಂದು ಬರೆದಿದ್ದೆ. ಹೊಡೆದುಹಾಕಿದೆ. ಕಂಡದ್ದಕ್ಕೆಲ್ಲ ತಾಯಿ ಎನ್ನುವ ಚಪಲ ಒಳ್ಳೆಯದಲ್ಲ.)

ಹೋದ ವರ್ಷ ನಮ್ಮ ಮೆಕ್ಯಾನಿಕ್‌ನ ಭಾವ, ಅಂದರೆ ತಂಗಿಯ ಗಂಡ, ಈ ಕಾರನ್ನು ಗ್ಯಾರೇಜಿಗೆ ತಂದು ನಿಲ್ಲಿಸಿ, “ಇದು ಕತ್ತೆ ಥರ ಹೋಗುತ್ತಯ್ಯ. ಕುದುರೆ ಮಾಡಿಕೊಡು” ಎಂದ. ಮೆಕ್ಯಾನಿಕ್ ಅಗಲವಾದ ಥ್ರಾಟಲ್ ಬಾಡಿ ಹಾಕಿದ. ಅದಕ್ಕೆ ಕೋಲ್ಡ್ ಸ್ಟಾರ್ಟಿನ ಪೈಪು ಕೂರಲಿಲ್ಲ. ಪೈಪು ಬಿಚ್ಚಿ, ತೂತಿಗೆ ಬಿರಡೆ ಹಾಕಿ ಮುಚ್ಚಿದ.

“ಭಾವ, ಇನ್ಮೇಲೆ ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡುವಾಗ ಆಕ್ಸಿಲರೇಟರ್ ಮೇಲೆ ಕಾಲು ಹಗುರಕ್ಕೆ ಒತ್ತಿ ಹಿಡಿದಿರಬೇಕು. ಬಿಸಿ ಆಗೋವರೆಗೂ ತೆಗೀಬೇಡಿ. ತೆಗೆದ್ರೆ ಆಫ್ ಆಗಿಬಿಡುತ್ತೆ.”

೩

ಈಗ ಸಾವು. ಚಿಕ್ಕದಾಗಿ ಬರೆಯುತ್ತೇನೆ.

ಚಳಿಗಾಲದ ಒಂದು ಬೆಳಗ್ಗೆ ಭಾವನಿಗೆ ಎದೆನೋವು ಬಂತು. ತಂಗಿ ಅವನನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ಕೀ ತಿರುಗಿಸಿದಳು. ಸ್ಟಾರ್ಟ್ ಆಯಿತು, ಆಫ್ ಆಯಿತು. ಸ್ಟಾರ್ಟ್ ಆಯಿತು, ಆಫ್ ಆಯಿತು. ಅವನಿಗೆ ಮಾತು ಹೊರಡುತ್ತಿರಲಿಲ್ಲ. ಬಲಗಾಲು ಮಾತ್ರ ಎದುರಿನ ಬರಿನೆಲವನ್ನು ಒತ್ತುತ್ತಿತ್ತು. ನೋವಿಗೆ ಹಾಗೆ ಮಾಡುತ್ತಿದ್ದಾರೆ ಎಂದುಕೊಂಡಳು.

ಪಕ್ಕದ ಮನೆಯವರು ಓಡಿಬಂದು ತಮ್ಮ ಕಾರು ತೆಗೆದರು. (ಅವರ ಒಂದೊಂದು ಕಾಲಲ್ಲಿ ಒಂದೊಂದು ಬಗೆಯ ಚಪ್ಪಲಿ ಇತ್ತು. ಆಸ್ಪತ್ರೆಯಲ್ಲಿ ಸಂಜೆಯವರೆಗೂ ಹಾಗೇ ನಿಂತಿದ್ದರು.) ಆದರೆ ತಡವಾಗಿತ್ತು.

೩, ಮತ್ತೆ

(ಮೊದಲ ಸಲ ಬರೆದಾಗ ಇಲ್ಲಿ ತಂಗಿ ಗ್ಯಾರೇಜಿಗೆ ಬಂದು ಅಣ್ಣನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ನನಗೇ ನಾಚಿಕೆಯಾಯಿತು. ಅವಳು ಹಾಗೆ ಅಳುವವಳಲ್ಲ.)

ತಿಂಗಳುಗಟ್ಟಲೆ ಅವಳು ಬರಲೇ ಇಲ್ಲ. ಆಮೇಲೆ ಯಾರೋ ಬೇರೆ ಮೆಕ್ಯಾನಿಕ್ ಮನೆಗೆ ಬಂದು ಬಾನೆಟ್ ಎತ್ತಿ, “ಇದಕ್ಕೆ ಕೋಲ್ಡ್ ಸ್ಟಾರ್ಟೇ ಇಲ್ವಲ್ಲಮ್ಮ! ಆಕ್ಸಿಲರೇಟರ್ ಮೇಲೆ ಕಾಲು ಒತ್ತಿ ಹಿಡ್ಕೊಂಡ್ರೇನೇ ಇದು ಆಫ್ ಆಗ್ದೇ ಇರೋದು” ಎಂದ. ಭಾವನ ಕಾಲು ಏನು ಹೇಳುತ್ತಿತ್ತೆಂದು ಅವಳಿಗೆ ತಿಳಿದದ್ದು ಆಗ. ಕಾರಿಗೆ ಹಗ್ಗ ಕಟ್ಟಿಸಿ ಎಳೆಸಿಕೊಂಡು ಅಣ್ಣನ ಗ್ಯಾರೇಜಿಗೆ ಬಂದಳು.

“ಬಿಚ್ಚಿದೋನು ನೀನು. ನೀನೇ ಹಾಕು.”

“ಹಾಕ್ತೀನಿ ಪುಟ್ಟಿ. ಕೂತ್ಕೋ.”

“ಕೂರೋಕೆ ಬಂದಿಲ್ಲ.”

“ಅಲ್ಲಿ ಬಿಸಿಲು.”

“ಇರಲಿ.”

ಅವನು ಆ ಕಡೆ ಹೋಗುವ ನೆಪದಲ್ಲಿ ಸ್ಟೂಲನ್ನು ಗೋಡೆಯ ಹತ್ತಿರ, ಇನ್ನು ಸ್ವಲ್ಪ ಹೊತ್ತಿಗೆ ನೆರಳು ಬರುವಲ್ಲಿ, ಇಟ್ಟು ಬಂದ. ನೆರಳು ಬಂತು. ಅವಳೂ ಹೋಗಿ ಕೂತಳು.

“ಅಣ್ಣ, ಆ ಕಾಲಿನ ವಿಷಯ ನನಗೊಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

ಅವನ ಕೈಯ ಸ್ಪ್ಯಾನರ್ ನಿಂತಿತು. ಅವನ ಹತ್ತಿರ ಉತ್ತರವಿತ್ತು. ಅಂದು ಅವನು ಭಾವನಿಗೆ, “ಪುಟ್ಟಿಗೂ ಕಲಿಸಿಬಿಡಿ” ಎಂದಿದ್ದ. ಭಾವ ನಕ್ಕು, “ಚಳೀಲಿ ಅವಳು ಯಾಕಯ್ಯ ಒದ್ದಾಡಬೇಕು? ನಾನಿದ್ದೀನಲ್ಲ” ಎಂದಿದ್ದ. ಹೇಳಿದಂತೆಯೇ ದಿನವೂ ಅವಳಿಗಿಂತ ಮುಂಚೆ ಎದ್ದು, ಕಾರು ಬಿಸಿ ಮಾಡಿ, ಗೇಟಿಗೆ ಮುಖ ಮಾಡಿಸಿ ನಿಲ್ಲಿಸಿ, ಒಳಗೆ ಬಂದು ಮತ್ತೆ ಹೊದ್ದು ಮಲಗುತ್ತಿದ್ದ. ಅವಳು ಬೆಚ್ಚಗಿನ ಕಾರು ಹತ್ತಿ ಕೆಲಸಕ್ಕೆ ಹೋಗುತ್ತಿದ್ದಳು. ಕಾರುಗಳೆಂದರೆ ಹಾಗೇ ಎಂದುಕೊಂಡಿದ್ದಳು.

೪

ಇಲ್ಲಿ ಮೆಕ್ಯಾನಿಕ್‌ಗೆ ನಾನೇ ಮಾತು ಬರೆದುಕೊಟ್ಟೆ: “ನಾನು ಭಾವಂಗೆ ಹೇಳಿದ್ದೆ ಪುಟ್ಟಿ.” ಅವನು ಅದನ್ನು ಹೇಳದೆ ನನ್ನ ಕಡೆ ತಿರುಗಿದ.

“ಬೇಡಮ್ಮ, ಅದನ್ನ ತೆಗೀರಿ.”

“ಯಾಕಪ್ಪ? ನಿಜ ತಾನೇ?”

“ನಿಜಾನೇ. ಆದ್ರೆ ಅವಳ ಹತ್ರ ಉಳಿದಿರೋದು ಆ ಬೆಳಗುಗಳು ಮಾತ್ರ. ಭಾವನ ಪ್ರೀತಿಯಿಂದಲೇ ಹೀಗಾಯ್ತು ಅಂತ ಅವಳಿಗೆ ಹೆಂಗೆ ಹೇಳ್ಲಿ?”

“ಹಾಗಾದರೆ ಈ ಜನ್ಮಕ್ಕೆ ಅವಳು ನಿನ್ನನ್ನೇ ದೂರುತ್ತಾಳೆ.”

“ದೂರ್ಲಿ ಬಿಡಿ. ಗ್ಯಾರೇಜ್ ಇಟ್ಟೋನಿಗೆ ಬೈಗುಳ ಹೊಸದಾ?”

(ಪಾತ್ರಗಳು ಇಷ್ಟು ಒಳ್ಳೆಯವರಾದರೆ ನಾನು ಕಥೆ ಬರೆದ ಹಾಗೇ ಇದೆ.)

೫

ಹಳೆಯ ಥ್ರಾಟಲ್ ಬಾಡಿ ಮತ್ತೆ ಕೂತಿತು, ಕೋಲ್ಡ್ ಸ್ಟಾರ್ಟೂ ಬಂತು. ಆದರೆ ಇದನ್ನು ಕೂಡಲೇ ಪರೀಕ್ಷೆ ಮಾಡುವಂತಿಲ್ಲ. ಎಂಜಿನ್ ಪೂರ್ತಿ ತಣ್ಣಗಿರಬೇಕು. “ಬೆಳಗ್ಗೆ ಬಾ ಪುಟ್ಟಿ” ಎಂದ. ಬಂದಳು.

ಕೊನೆ, ಒಂದನೆಯದು: ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗುತ್ತದೆ. ಇಷ್ಟು ಸುಲಭವಿತ್ತೇ ಎಂದು ಅವಳ ಮುಖ ಕಪ್ಪಿಡುತ್ತದೆ. ಇದನ್ನು ಹರಿದೆ.

ಎರಡನೆಯದು: ಸ್ಟಾರ್ಟ್ ಆಗುವುದಿಲ್ಲ. ಬರೆಯಲು ಕೈ ಬರಲಿಲ್ಲ.

ಮೂರನೆಯದು: ಕಾರು ಹೊರಟಿದ್ದರೂ ಜೀವ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳುತ್ತಾರೆ. ಇದು ನಿಮಗೆ ಹಿಡಿಸುತ್ತದೆ, ನನಗೂ ಹಿಡಿಸಿತ್ತು. ತಂಗಿ ನನ್ನ ಕಡೆ ತಿರುಗಿ, “ಡಾಕ್ಟರ್ ಹಾಗೆ ಹೇಳ್ಲಿಲ್ಲಮ್ಮ. ನಾನು ಕೇಳಿದ್ದೆ” ಎಂದಳು.

ಸರಿ. ಅದನ್ನೂ ಹರಿದೆ. ಅವಳು ಡ್ರೈವರ್ ಸೀಟಿನಲ್ಲಿ ಕೂತು, “ಅಣ್ಣ, ಈ ಕಡೆ ಬಂದು ಕೂತ್ಕೋ” ಎಂದಳು. ಅವನು ಸುತ್ತಿಕೊಂಡು ಹೋಗಿ, ಸೀಟಿಗೆ ಗ್ರೀಸ್ ತಾಗದಿರಲೆಂದು ಹಳೆಯ ಪೇಪರ್ ಹಾಸಿ ಕೂತ. ಅವಳು ಕೀ ತಿರುಗಿಸಲಿಲ್ಲ.

“ಕಾಲಿನ ವಿಷಯ ಅವರಿಗೆ ಗೊತ್ತಿತ್ತು ಅಲ್ವಾ? ಮತ್ತೆ ನನಗ್ಯಾಕೆ ಹೇಳ್ಲಿಲ್ಲ ಅವರು?”

ಉತ್ತರ ಕೇಳಲೆಂದು ನಾನು ಬಗ್ಗಿದೆ. ಅವಳು ನನ್ನನ್ನೊಮ್ಮೆ ನೋಡಿದಳು. ಸಿಟ್ಟೇನಿರಲಿಲ್ಲ. ಕಿಟಕಿಯ ಗಾಜು ಏರಿಸಿದಳು.

ಚಳಿ. ಇಬ್ಬರ ಉಸಿರಿಗೆ ಗಾಜು ಮಬ್ಬಾಗುತ್ತಿದೆ. ಅವನ ತಲೆ ಅಲ್ಲಾಡಿದ್ದು ಕಾಣಿಸಿತು. ಹೌದೆಂದೋ ಇಲ್ಲವೆಂದೋ ತಿಳಿಯಲಿಲ್ಲ. ಅವಳ ಕೈ ಕೀ ಬಿಟ್ಟು ಇನ್ನೆಲ್ಲಿಗೋ ಹೋಯಿತು. ಗಾಜು ತಟ್ಟಿ ಕೇಳಬಹುದು. ಬರೆಯುತ್ತಿರುವವಳು ನಾನೇ ತಾನೇ? ಆದರೆ ಎಷ್ಟೋ ತಿಂಗಳ ಮೇಲೆ ಅಣ್ಣ ತಂಗಿ ಕೂತು ಮಾತಾಡುತ್ತಿದ್ದಾರೆ.

ನೀವೂ ಸ್ವಲ್ಪ ಈಚೆ ಬನ್ನಿ.