ದಾರಿಗೆ ಐದು ಸೇರು ಅಕ್ಕಿ

ಅಕ್ಕನಾಗಮ್ಮ ಛಾಪಾ ಕಾಗದವನ್ನು ಸೆರಗಿನಲ್ಲಿ ಸುತ್ತಿಕೊಂಡು ದೇಶನೂರಿನಿಂದ ಸಿರುಗುಪ್ಪಕ್ಕೆ ಬಂದು ಬಳ್ಳಾರಿಯ ಬಸ್ಸು ಹತ್ತಿದಳು. ಎಪ್ಪತ್ಮೂರರ ಸುಗ್ಗಿ, ಹೊಲದಲ್ಲಿ ನೆಲ್ಲು ಹಣ್ಣಾಗಿತ್ತು. ಅವಳ ಬಂಡಿ ಭಾವ, ಗಂಡನ ಅಣ್ಣ ಮರಿಬಸಪ್ಪನ ಹೊಲ ದಾಟಿಯೇ ಹೋಗಬೇಕು. ಆಚೆ ಕಡೆ ಕಾಲುವೆ, ಬೇರೆ ದಾರಿಯಿಲ್ಲ. ಆ ದಾರಿಗೆ ಅವನು ಜಾಲಿಮುಳ್ಳು ಬಡಿದಿದ್ದ. "ಇದಕ್ಕ ಸೈ ಹಾಕು, ನಾಳೆನ ತೆಗಸ್ತೀನಿ," ಎಂದು ಕಾಗದ ಕೊಟ್ಟಿದ್ದ.

ಕೌಲ್ ಬಜಾರಿನ ಮಹಡಿಯ ಮೇಲೆ ವಕೀಲ ಕೊಟ್ಟೂರಪ್ಪ ಅದನ್ನು ಓದಿ ಕನ್ನಡಕ ತೆಗೆದರು.

"ಸೈ ಮಾಡೀರೇನ್ರಿ?"

"ಇಲ್ರಿ."

"ಬದುಕಿದ್ರಿ. ಮಂದಿ ಸೈ ಮಾಡಿ, ಬಡದಾಡಿ, ತಲಿ ಒಡಕೊಂಡ ಮ್ಯಾಲ ಬರ್ತಾರ. 'ಅವರು ಒಪ್ಪಿದಷ್ಟು ದಿನ ತಿರುಗಾಡ್ತೀನಿ' ಅಂತ ಬರದೈತಿ ಇದರಾಗ. ಹಿಂದ ಯಾವಾಗರ ಅವರನ್ನ ಕೇಳಿ ಹೋಗೀರೇನು?"

ಅವಳು ತಲೆ ತಗ್ಗಿಸಿದಳು. ಗಂಡ ತೀರಿದ ಮೇಲೆ ಒಂಬತ್ತು ಸುಗ್ಗಿ, ಪ್ರತಿ ಸಲ ಐದು ಸೇರು ಹೊಸ ಅಕ್ಕಿಯನ್ನು ಭಾವನ ಮನೆಗೆ ಒಯ್ದು, "ದಾರಿಗೆ ಬ್ಯಾಡ ಅನಬ್ಯಾಡ್ರಿ," ಎಂದು ಇಟ್ಟು ಬಂದಿದ್ದಳು. ಅಕ್ಕಿ ಕೊಡೆಂದು ಯಾರೂ ಕೇಳಿರಲಿಲ್ಲ. ಒಂಟಿ ಹೆಣ್ಣು ಮೆತ್ತಗಿದ್ದರೆ ದಾರಿಯೂ ಮೆತ್ತಗಿರುತ್ತದೆ ಎಂದುಕೊಂಡಿದ್ದಳು. ಈಗ ಸುಳ್ಳು ಹೇಳಬಹುದಿತ್ತು. ಹೇಳದೆ, ನಡೆದದ್ದನ್ನೇ ತಿಳಿಸಿದಳು.

"ನಿಮ್ಮ ಕಾಲಿಗೆ ನೀವಾ ಹಗ್ಗ ಕಟ್ಟಿಕೊಂಡಂಗಾತು. ಕೇಳಿ ನಡದ್ರ ಎಷ್ಟು ವರ್ಷಾದ್ರೂ ಹಕ್ಕು ಹುಟ್ಟಂಗಿಲ್ಲ," ಎಂದರು ವಕೀಲರು. ಮತ್ತೆ ಕಾಗದ ನೋಡಿ, "ಈ ಎರಡು ಹೊಲ ಮೊದಲ ಯಾರವು?" ಎಂದರು.

"ನಮ್ಮ ಮಾವಾರವು. ಇಬ್ಬರು ಮಕ್ಕಳಿಗೆ ಪಾಲು ಮಾಡಿದ್ರು. ಪತ್ರ ಟ್ರಂಕಿನಾಗ ಐತ್ರಿ."

"ಅದನ್ನ ಮೊದಲ ಹೇಳಬಾರದೇನವ್ವಾ! ಬ್ಯಾರೆ ದಾರಿ ಇಲ್ಲಂದ್ರ ಪಾಲಿನ ಜೊತಿಗೇ ದಾರಿನೂ ಬಂತು. ನೀವು ಕೇಳೋದೂ ಬೇಕಿದ್ದಿಲ್ಲ, ಅವರು ಕೊಡೋದೂ ಬೇಕಿದ್ದಿಲ್ಲ. ನೋಟೀಸು ಕಳಸ್ತೀನಿ. ಅಲ್ಲೀತನಕ ಮುಳ್ಳು ಮುಟ್ಟಬ್ಯಾಡ್ರಿ, ಜಗಳಾಡಬ್ಯಾಡ್ರಿ."

ಮರಳುವ ಬಸ್ಸಿನಲ್ಲಿ ಅವಳಿಗೆ ಸಂತೋಷಕ್ಕಿಂತ ಆಯಾಸವೇ ಹೆಚ್ಚಾಗಿತ್ತು. ಒಂಬತ್ತು ವರ್ಷ ತನ್ನದನ್ನೇ ಬೇಡಿದ್ದಳು.

ನೋಟೀಸು ಮುಟ್ಟಿದ ಮೂರನೇ ದಿನ ಮರಿಬಸಪ್ಪ ಆಳು ಹಚ್ಚಿ ಮುಳ್ಳು ತೆಗೆಸಿದ.

"ಮನಿ ಮಾತು ಬಳ್ಳಾರಿಗೆ ಒಯ್ದ್ಯಲ್ಲ!"

"ಮಾತಾಗಿದ್ರ ಒಯ್ತಿದ್ದಿಲ್ರಿ ಭಾವಾರ. ಛಾಪಾ ಕಾಗದ ತಂದವರು ನೀವು."

ಬಂಡಿಗಳು ಮನೆ ಸೇರಿದವು. ನೆಲ್ಲು ಕುಟ್ಟಿಸಿದ ದಿನ, ರೂಢಿಯಂತೆ ಐದು ಸೇರು ಅಕ್ಕಿ ಅಳೆಯತೊಡಗಿದಳು. ನಾಲ್ಕನೆಯದಕ್ಕೆ ಕೈ ತಡೆಯಿತು. ಆಮೇಲೆ ಐದನೆಯದನ್ನೂ ಅಳೆದು, ಒಯ್ದು, ಮರಿಬಸಪ್ಪನ ಹೆಂಡತಿ ಗುರುಬಸಮ್ಮನ ಮುಂದೆ ಇಟ್ಟಳು.

"ಈ ವರ್ಷನೂ ತಂದ್ಯಾ?" ಗುರುಬಸಮ್ಮ ಬೆರಗಾದಳು.

"ಹೊಸ ಅಕ್ಕಿ ಅಕ್ಕಾ. ಉಣ್ಣಾಕ."

ದಾರಿಯ ಮಾತು ಎತ್ತದೆ ಅವಳು ಅಂಗಳ ದಾಟಿದಳು.