ನೆಲದಜ್ಜನ ಗುಡಿಯವರೆಗೆ

ನಮ್ಮ ಊರಿನಲ್ಲಿ ಕಸವನ್ನು ಬೀದಿಗೆ ಇಟ್ಟು ಬಾಗಿಲು ಹಾಕಿಕೊಳ್ಳುವ ಹಾಗಿಲ್ಲ. ಸಂಜೆ ಹಾಡು ಹಾಕಿಕೊಂಡು ಹಳದಿ ಗಾಡಿ ಬರುತ್ತದೆ. ನಮ್ಮ ಕಸವನ್ನು ನಾವೇ ಕೈಯಾರೆ ಅದರ ಬಾಯಿಗೆ ಎಸೆಯಬೇಕು. ಡಾಕ್ಟರಾದರೂ ಅಷ್ಟೇ, ಮೇಷ್ಟ್ರಾದರೂ ಅಷ್ಟೇ. ದೂರದಲ್ಲಿ ಹಾಡು ಕೇಳಿದ್ದೇ ತಡ, ಗಲ್ಲಿಯವರೆಲ್ಲ ಚಪ್ಪಲಿ ಸಿಕ್ಕಿಸಿಕೊಂಡು, ಚೀಲ ಹಿಡಿದು ನನ್ನ ಅಂಗಡಿಯ ಮುಂದಿನ ಕಂಬದ ಹತ್ತಿರ ಬಂದು ನಿಲ್ಲುತ್ತಾರೆ. ಯಾರ ಮನೆಯಲ್ಲಿ ಜಗಳ, ಯಾರ ಮಗ ಫೇಲು, ಯಾರ ಸೊಸೆ ಅನ್ನ ಚೆಲ್ಲುತ್ತಾಳೆ, ಎಲ್ಲ ನನಗೆ ಗೊತ್ತಾಗುವುದು ಅಲ್ಲೇ. ಬೆಳಿಗ್ಗೆ ಸೋಯಾ ಹಾಲು, ಮೊಟ್ಟೆ ದೋಸೆ ಮಾರುವ ಹೆಂಗಸು ನಾನು, ಲಿಯೆನ್. ಮಧ್ಯಾಹ್ನ ಅಂಗಡಿಗೆ ರಜೆ ಕೊಟ್ಟರೂ ಬಾಯಿಗೆ ರಜೆ ಕೊಡುವುದಿಲ್ಲ ಎಂದು ನನ್ನನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ನನಗೇನು?

ಈ ಗಾಡಿಯನ್ನು ಬೇಕೆಂದೇ ತಪ್ಪಿಸಿಕೊಳ್ಳುವ ಮನುಷ್ಯನೂ ಇರುತ್ತಾನೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಇದ್ದ, ನಮ್ಮ ಎದುರು ಮನೆಯಲ್ಲೇ ಇದ್ದ. ಕುನ್‌ಷಾನ್ ಅಂತ ಹೆಸರು. ಗ್ಯಾಸ್ ಸಿಲಿಂಡರ್ ಹೊರುವ ಕೆಲಸ. ಲಿಫ್ಟ್ ಇಲ್ಲದ ಹಳೇ ಕಟ್ಟಡಗಳಿಗೆ ಹೆಗಲ ಮೇಲೆ ಸಿಲಿಂಡರ್ ಹೊತ್ತು ಹತ್ತಿ ಹತ್ತಿ ಬಲಗಾಲ ಮಂಡಿ ಕೆಟ್ಟಿತ್ತು.

ಹೋದ ಚಳಿಗಾಲದಲ್ಲಿ ಅವನ ಹೆಂಡತಿ ತೀರಿಕೊಂಡಳು. ಆಸ್ಪತ್ರೆಯಿಂದ ಮಗಳು ಪೇರೋಂಗ್ ಅಪ್ಪನಿಗೆ ಫೋನ್ ಮೇಲೆ ಫೋನ್ ಮಾಡಿದ್ದಳು. ಇವನು ಸಿಲಿಂಡರ್ ಹೊತ್ತು ಯಾವುದೋ ಮಹಡಿಯಲ್ಲಿದ್ದ, ಫೋನು ಕೆಳಗೆ ಸ್ಕೂಟರಿನ ಡಬ್ಬಿಯಲ್ಲಿತ್ತು. ಬರುವಷ್ಟರಲ್ಲಿ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಹದಿನೈದು ವರ್ಷದ ಹುಡುಗಿ ಅಮ್ಮನ ಕೈ ಹಿಡಿದು ಒಬ್ಬಳೇ ಕೂತಿದ್ದಳು. ಅವತ್ತಿನಿಂದ ಅವಳು ಅವನನ್ನು ಅಪ್ಪ ಎಂದು ಕರೆದಿರಲಿಲ್ಲ. ಊಟ ಅಂದರೆ ಊಟ, ದುಡ್ಡು ಅಂದರೆ ದುಡ್ಡು, ಅಷ್ಟೇ ಮಾತು. ಬೇಸಿಗೆ ಮುಗಿದ ಕೂಡಲೇ ಅವಳು ಬೆಟ್ಟದ ಆಚೆ ಹ್ವಾಲಿಯೆನ್‌ಗೆ ನರ್ಸಿಂಗ್ ಓದಲು ಹೊರಡುವವಳಿದ್ದಳು. ಹಾಸ್ಟೆಲ್ ವಾಸ, ಐದು ವರ್ಷ.

ಜೂನ್ ತಿಂಗಳ ಒಂದು ಮಧ್ಯಾಹ್ನ ಅವನು ನನ್ನ ಅಂಗಡಿಗೆ ಬಂದು, ಖಾಲಿ ಲೋಟ ತಿರುಗಿಸುತ್ತಾ ಕೂತ.

"ಅಕ್ಕಾ, ಶಾಲೇಲಿ ಅಪ್ಪ ಅಮ್ಮಂದಿರ ಮೀಟಿಂಗ್ ಇತ್ತು. ಮಕ್ಕಳ ಜೊತೆ ಸಮಯ ಕಳೀರಿ ಅಂತಾರೆ. ಟ್ರಿಪ್ ಹೋಗಿ, ಟೆಂಟ್ ಹಾಕಿ, ಕೆಫೆಗೆ ಕರ್ಕೊಂಡು ಹೋಗಿ ಅಂತಾರೆ."

"ಹೋಗು ಮತ್ತೆ!"

"ಸೀಗಡಿ ಹಿಡಿಯೋ ಕೊಳಕ್ಕೆ ಕರ್ಕೊಂಡು ಹೋದೆ ಅಕ್ಕಾ. ಗಂಟೆಗಿಷ್ಟು ಅಂತ ಕಿತ್ಕೊಂಡ್ರು. ಅವಳು ಕಿವೀಲಿ ಅದೇನೋ ಸಿಕ್ಕಿಸ್ಕೊಂಡು ಕೂತ್ಲು. ಸೀಗಡೀನೂ ಬರ್ಲಿಲ್ಲ, ಮಾತೂ ಬರ್ಲಿಲ್ಲ." ಲೋಟ ಕೆಳಗಿಟ್ಟ. "ಹೋಗೋದ್ರೊಳಗೆ ಒಂದ್ಸಲ ಅಪ್ಪ ಅಂದ್ರೆ ಸಾಕು. ಇನ್ನೇನೂ ಬೇಡ ನಂಗೆ."

ನನಗೆ ಅಳುವವರನ್ನು ಕಂಡರೆ ಸಿಟ್ಟು ಬರುತ್ತದೆ, ಯಾಕೆಂದರೆ ನನಗೂ ಅಳು ಬರುತ್ತದೆ. "ಅಯ್ಯೋ ಬೆಪ್ಪೇ," ಎಂದೆ. "ಮಗಳ ಜೊತೆ ನಾಲ್ಕು ಹೆಜ್ಜೆ ಹಾಕೋಕೆ ದುಡ್ಡು, ಟೆಂಟ್ ಎಲ್ಲ ಯಾಕೋ? ಸಂಜೆ ಕಸದ ಗಾಡಿ ಬರಲ್ವಾ? ಕರ್ಕೊಂಡು ಬಾ."

ಕರೆದುಕೊಂಡು ಬಂದ. ನಮ್ಮಲ್ಲಿ ಕಸವೂ ನಾಲ್ಕು ಜಾತಿ: ಸುಡುವ ಕಸ ಬೇರೆ, ಬಾಟಲಿ ರಟ್ಟು ಬೇರೆ, ಹಂದಿಗೆ ಹಾಕುವ ಬೇಯಿಸಿದ ಎಂಜಲು ಬೇರೆ, ಗೊಬ್ಬರಕ್ಕೆ ಹೋಗುವ ಸಿಪ್ಪೆ ಬೇರೆ. "ಎರಡು ಕೈಗೆ ಹಿಡಿಯಲ್ಲಮ್ಮಾ, ಒಂದು ಚೂರು ಹಿಡ್ಕೋ" ಎಂದು ಮಗಳ ಕೈಗೆ ರಟ್ಟಿನ ಕಟ್ಟು ಕೊಡುತ್ತಿದ್ದ, ಭಾರದ್ದೆಲ್ಲ ತಾನು ಹಿಡಿಯುತ್ತಿದ್ದ. ಇಬ್ಬರೇ ಇರುವ ಮನೆಯಲ್ಲಿ ಅಷ್ಟು ರಟ್ಟು ಎಲ್ಲಿಂದ ಬರುತ್ತದೆ ಎಂದು ನಾನು ಕೇಳಲಿಲ್ಲ. ಅವನು ತಾನು ಗ್ಯಾಸ್ ತಂದುಕೊಡುವ ಅಂಗಡಿಗಳ ಹಿಂದಿನಿಂದ ಸ್ಕೂಟರಿನಲ್ಲಿ ಏರಿಸಿಕೊಂಡು ಬರುವುದನ್ನು ಕಂಡಿದ್ದೆ.

ಆಮೇಲೆ ಶುರುವಾಯಿತು ಅವನ ಈ ತಡವಾಗಿ ಬರುವ ಚಾಳಿ. ಗಾಡಿ ಬಂದು, ಎಲ್ಲರೂ ಎಸೆದು, ಹಾಡು ಮುಂದೆ ಹೋದ ಮೇಲೆ ಇವನ ಮನೆಯ ಬಾಗಿಲು ತೆರೆಯುತ್ತಿತ್ತು. "ಅಯ್ಯೋ, ಹೋಗೇಬಿಡ್ತಾ?" ನಮ್ಮ ಕಂಬ ತಪ್ಪಿದರೆ ಗಾಡಿ ಮುಂದೆ ನಿಲ್ಲುವುದು ಬೀದಿ ಕಾಯುವ ದೇವರು ನೆಲದಜ್ಜನ ಗುಡಿಯ ಮೂಲೆಯಲ್ಲಿ. ಗಲ್ಲಿಯ ತುದಿಯ ಕಾಲುವೆ ಸೇತುವೆ ದಾಟಬೇಕು, ತರಕಾರಿ ಸಂತೆ ಸುತ್ತಬೇಕು. ಇವನು ಕುಂಟುತ್ತಾ ಮುಂದೆ, ಅವಳು ಮುಖ ಗಂಟು ಹಾಕಿಕೊಂಡು ಹಿಂದೆ. ಬರುವಾಗ ಗುಡಿಯ ಪಕ್ಕದ ತಳ್ಳುಗಾಡಿಯಲ್ಲಿ ಗೆಣಸಿನ ಉಂಡೆ ಕೊಂಡು, ಒಂದೇ ಪೊಟ್ಟಣದಲ್ಲಿ ಇಬ್ಬರೂ ಕೈ ಹಾಕಿ ತಿನ್ನುತ್ತಾ ಬರುತ್ತಿದ್ದರು.

ದಿನಾ ಇದೇ ಆದರೆ ಯಾರಿಗೆ ತಾಳ್ಮೆ ಇರುತ್ತದೆ? ಒಂದು ಸಂಜೆ ಹಾಡು ಕೇಳಿದ ಕೂಡಲೇ, ಇವತ್ತು ಎಳೆದುಕೊಂಡೇ ಬರುತ್ತೇನೆ ಎಂದು ಅವನ ಮನೆಯ ಬಾಗಿಲು ತಳ್ಳಿದೆ. ಒಳಗೆ ಮೆಟ್ಟಿಲ ಮೇಲೆ, ಚೀಲಗಳನ್ನೆಲ್ಲ ಕಟ್ಟಿ ಸಾಲಾಗಿ ಇಟ್ಟುಕೊಂಡು, ಚಪ್ಪಲಿ ಹಾಕಿಕೊಂಡು ಸುಮ್ಮನೆ ಕೂತಿದ್ದಾನೆ ಈ ಮಹಾರಾಯ! ಬಾಯಿಯ ಮೇಲೆ ಬೆರಳಿಟ್ಟು, ಮಗಳು ಮೇಲಿದ್ದಾಳೆ ಎಂದು ಕಣ್ಣಲ್ಲೇ ತೋರಿಸಿದ.

"ಏನೋ ಇದು?" ಪಿಸುಗುಟ್ಟಿದೆ.

"ಗಾಡಿ ಸಿಕ್ರೆ ಇಲ್ಲೇ ಮುಗೀತಕ್ಕಾ. ಎಸೆದು ತಿರುಗಿದ್ರೆ ಮನೆ. ತಪ್ಪಿದ್ರೆ ಗುಡೀವರೆಗೂ ಹೋಗ್ಬೇಕು."

"ಮಾತಾಡ್ತಾಳಾ?"

"ಬೈತಾಳೆ. ದಾರಿ ಉದ್ದಕ್ಕೂ ಬೈತಾಳೆ." ಅವನ ಮುಖ ಅರಳಿತ್ತು. "ನಿನ್ನೆ ಸೇತುವೆ ಹತ್ರ ಕೊಕ್ಕರೆ ನಿಂತಿತ್ತು. 'ಅಲ್ಲಿ ನೋಡು' ಅಂದ್ಲು. ನಂಗೇ ಅಂದಿದ್ದು ಅಕ್ಕಾ, ಅಲ್ಲಿ ಬೇರೆ ಯಾರೂ ಇರ್ಲಿಲ್ಲ."

ನಾನು ಬಾಯಿ ಮುಚ್ಚಿಕೊಂಡು ಹೊರಗೆ ಬಂದೆ. ಕಂಬದ ಹತ್ತಿರ ಎಲ್ಲರೂ "ಎಲ್ಲಿ ಅವನು?" ಎಂದಾಗ "ಸ್ನಾನ ಮಾಡ್ತಿದಾನೆ" ಎಂದೆ.

ಆದರೆ ಒಂದು ಗಲ್ಲಿಯ ಬಾಯಿಗೆಲ್ಲ ನಾನೊಬ್ಬಳೇ ಬೀಗ ಹಾಕಲಾಗುತ್ತದೆಯೇ? ಆಗಸ್ಟ್‌ನಲ್ಲಿ ಒಂದು ದಿನ, ಬೆವರಿಗೆ ಅಂಗಿ ಬೆನ್ನಿಗೆ ಅಂಟುವ ಸಂಜೆ, ಗಾಡಿ ಹೋದ ಮೇಲೆ ಅಪ್ಪ ಮಗಳು ಹೊರಗೆ ಬಂದರು. ಔಷಧಿ ಅಂಗಡಿಯ ಮುದುಕ ಹಲ್ಲು ಕಿರಿದ. "ಏನಯ್ಯಾ, ನಿನ್ನ ಮದುವೇಗಾದ್ರೂ ಸರಿಯಾದ ಹೊತ್ತಿಗೆ ಹೋಗಿದ್ಯಾ, ಅಥವಾ ಹುಡುಗೀನ ಬೇರೆಯವ್ರು ಕರ್ಕೊಂಡು ಹೋಗೋದ್ರಲ್ಲಿದ್ರಾ?" ಎಲ್ಲರೂ ನಕ್ಕರು. ಕುನ್‌ಷಾನ್ ಕೂಡ ನಕ್ಕ.

ಪೇರೋಂಗ್ ಹಂದಿ ಎಂಜಲಿನ ಬಕೆಟ್ಟನ್ನು ಕೆಳಗೆ ಕುಕ್ಕಿದಳು.

"ಮದುವೆ ವಿಷ್ಯ ನಂಗೊತ್ತಿಲ್ಲ," ಎಂದಳು. "ಅಮ್ಮ ಸಾಯೋವಾಗ ತಡವಾಗಿ ಬಂದ್ರು. ಅಷ್ಟು ಗೊತ್ತು." ಆಮೇಲೆ ಅವನ ಕಡೆ ತಿರುಗಿದಳು. "ಒಂದ್ಸಲ, ಒಂದೇ ಒಂದ್ಸಲ ಸರಿಯಾದ ಹೊತ್ತಿಗೆ ಬರೋಕಾಗಲ್ವಾ ನಿಂಗೆ? ಕಸ ಎಸೆಯೋಕೂ ಆಗಲ್ವಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುದುಕನೂ ತಲೆ ತಗ್ಗಿಸಿದ. ಹುಡುಗಿ ಒಳಗೆ ಓಡಿಹೋದಳು. ಕುನ್‌ಷಾನ್ ಬಗ್ಗಿ, ಚೆಲ್ಲಿದ ಎಂಜಲನ್ನು ಬರಿಗೈಯಿಂದ ಬಳಿದು ಬಕೆಟ್ಟಿಗೆ ತುಂಬಿದ. ಅವನ ಕಿವಿ ಕೆಂಪಾಗಿತ್ತು.

"ನಾನು ಹೇಳ್ತೀನೋ ಅವಳಿಗೆ, ಯಾಕೆ ತಡ ಮಾಡ್ತಿದ್ದೆ ಅಂತ," ಎಂದೆ.

"ಬೇಡ ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ. ಅವಳು ಹೇಳಿದ್ರಲ್ಲಿ ಸುಳ್ಳೇನಿದೆ?"

ಮಾರನೆಯ ದಿನದಿಂದ ಅವನು ಎಲ್ಲರಿಗಿಂತ ಮೊದಲು ಬಂದ. ಹಾಡು ಕೇಳುವ ಮುಂಚೆಯೇ ಕಂಬಕ್ಕೆ ಅಂಟಿಕೊಂಡು ನಿಂತಿರುತ್ತಿದ್ದ, ಒಬ್ಬನೇ. ಚೀಲಗಳೂ ಚಿಕ್ಕವಾದವು. ರಟ್ಟು ಇಲ್ಲವೇ ಇಲ್ಲ.

ಅವಳು ಹೊರಡುವ ಹಿಂದಿನ ದಿನ ಬೆಳಿಗ್ಗೆ ನನ್ನ ಅಂಗಡಿಗೆ ಬಂದಳು. ಮೊಟ್ಟೆ ದೋಸೆ ಕೊಟ್ಟೆ. ತಿನ್ನುವ ಕಡ್ಡಿಯಿಂದ ಅದನ್ನು ಚುಚ್ಚುತ್ತಾ, "ದೊಡ್ಡಮ್ಮಾ, ಒಂದು ವಿಷ್ಯ," ಎಂದಳು. "ಈಗ ನಮ್ಮನೇಲಿ ಕಸಾನೇ ಆಗ್ತಿಲ್ಲ. ಮೊದ್ಲು ಅಷ್ಟೊಂದು ಎಲ್ಲಿಂದ ಬರ್ತಿತ್ತು?"

ಹೇಳಬಾರದಿತ್ತೋ ಏನೋ. ಆದರೆ ಮಾತು ನನ್ನ ಹೊಟ್ಟೆಯಲ್ಲಿ ಯಾವತ್ತು ನಿಂತಿದೆ? ರಟ್ಟಿನ ಕಥೆ ಹೇಳಿದೆ, ಮೆಟ್ಟಿಲ ಮೇಲೆ ಚೀಲ ಕಟ್ಟಿಕೊಂಡು ಕೂತಿದ್ದ ಕಥೆ ಹೇಳಿದೆ, ಕೊಕ್ಕರೆಯ ಮಾತೂ ಹೇಳಿದೆ. ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ. ಅರ್ಧ ದೋಸೆ ಬಿಟ್ಟು ಎದ್ದುಹೋದಳು. ತಟ್ಟೆಯ ಅಂಚಿನಲ್ಲಿ ಕಣ್ಣೀರು ಬಿದ್ದಿತ್ತು, ಸೆರಗಿಲ್ಲದ ಹೆಂಗಸು ನಾನು, ಅದನ್ನು ಏಪ್ರನ್ನಿನಲ್ಲೇ ಒರೆಸಿದೆ.

ಅವತ್ತು ಸಂಜೆ ಕುನ್‌ಷಾನ್ ಎಂದಿನಂತೆ ಮೊದಲೇ ಬಂದು ನಿಂತಿದ್ದ, ಆದರೆ ಬರಿಗೈಯಲ್ಲಿ. "ಅವಳೇ ತರ್ತಾಳಂತೆ ಅಕ್ಕಾ!" ಎಂದ. ಹಬ್ಬಕ್ಕೆ ಬಂದವನ ಹಾಗೆ ತಲೆ ಬಾಚಿಕೊಂಡಿದ್ದ.

ಹಾಡು ಬಂತು. ಗಾಡಿ ಬಂತು. ಎಲ್ಲರೂ ಎಸೆದರು. ಎದುರು ಮನೆಯ ಬಾಗಿಲು ಆಗ ತೆರೆಯಿತು. ಪೇರೋಂಗ್ ಎರಡು ಚೀಲ ಹಿಡಿದು ಹೊರಗೆ ಬಂದು, ಹೊಸ್ತಿಲ ಹತ್ತಿರವೇ ಕೂತು, ಚಪ್ಪಲಿಯ ಲೇಸ್ ಕಟ್ಟತೊಡಗಿದಳು. ಹವಾಯಿ ಚಪ್ಪಲಿಗೆ ಲೇಸ್ ಎಲ್ಲಿಂದ ಬಂತು? ನನಗೆ ಅರ್ಥವಾಯಿತು. ಹಾಗೇ ಕಟ್ಟು ತಾಯೀ, ನಿಧಾನವಾಗಿ ಕಟ್ಟು, ಗಾಡಿ ಹೋಗಲಿ ಎಂದುಕೊಂಡೆ.

ಗಾಡಿ ಹೊರಟಿತು. ಕುನ್‌ಷಾನ್ ಗಾಡಿಯನ್ನು ನೋಡಿದ, ಮಗಳನ್ನು ನೋಡಿದ. ಅವನ ಮುಖ ಬಿಳಿಚಿಕೊಂಡಿತು. ಓಡಿಹೋಗಿ ಅವಳ ಕೈಯ ಚೀಲ ಹಿಡಿದ. ಅವಳು ಬಿಡಲಿಲ್ಲ.

"ಬಿಡಮ್ಮಾ, ಬಿಡು, ಸಿಗುತ್ತೆ!"

ಕಿತ್ತುಕೊಂಡೇ ಓಡಿದ. ಆ ಕೆಟ್ಟ ಮಂಡಿಯಲ್ಲಿ, ಒಂದು ಕಾಲು ಎಳೆಯುತ್ತಾ, ಎರಡೂ ಚೀಲ ಎತ್ತಿ ಹಿಡಿದು, "ನಿಲ್ಸಿ, ನಿಲ್ಸಿ" ಎನ್ನುತ್ತಾ ಓಡಿದ.

"ಅಪ್ಪಾ!" ಹುಡುಗಿ ಎದ್ದು ನಿಂತು ಕೂಗಿದಳು. "ಅಪ್ಪಾ, ಹೋಗ್ಲಿ ಬಿಡಪ್ಪಾ!"

ಹಾಳಾದ ಗಾಡಿಯ ಹಾಡು ಬೀದಿ ತುಂಬ ಬಡಿಯುತ್ತಿತ್ತು. ಹತ್ತಿರವೇ ನಿಂತಿದ್ದ ನನಗೆ ಕೇಳಿಸಿತು, ಅವನಿಗೆ ಕೇಳಿಸಲಿಲ್ಲ. ಸೇತುವೆಯ ಹತ್ತಿರ ಗಾಡಿಯನ್ನು ಹಿಡಿದು, ಎರಡೂ ಚೀಲ ಎಸೆದು, ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಾ ವಾಪಸು ಬಂದ. ಅಷ್ಟು ಹೆಮ್ಮೆಯನ್ನು ಅವನ ಮುಖದಲ್ಲಿ ನಾನು ಯಾವತ್ತೂ ಕಂಡಿರಲಿಲ್ಲ.

"ನೋಡಿದ್ಯಾ?" ಮಗಳಿಗೆ ಹೇಳಿದ. "ಸಿಕ್ತು. ಇವತ್ತು ತಡ ಆಗ್ಲಿಲ್ಲ."

ಅವಳು ತನ್ನ ಬರಿಗೈಗಳನ್ನು ನೋಡಿಕೊಂಡಳು. ತುಟಿ ಅಲುಗಿತು. ಇನ್ನೊಂದು ಸಲ ಅಪ್ಪ ಅನ್ನುತ್ತಾಳೆ ಎಂದುಕೊಂಡೆ. ಅವನು ಅಷ್ಟು ಸಂತೋಷವಾಗಿದ್ದಾನೆ, ಹೇಗೆ ಹೇಳುತ್ತಾಳೆ?

"ಹೂಂ," ಎಂದಳು. ಇಬ್ಬರೂ ಒಳಗೆ ಹೋದರು. ಮನೆ ಅಲ್ಲೇ ಇತ್ತಲ್ಲ.

ಬೆಳಗಿನ ರೈಲಿಗೆ ಅವಳು ಹೋದಳು. ಅವನು ಸ್ಟೇಷನ್ನಿಗೆ ಬಹಳ ಮುಂಚೆಯೇ ಕರೆದುಕೊಂಡು ಹೋಗಿದ್ದನಂತೆ. ಸಂಜೆ ಮುಷ್ಟಿಯಷ್ಟು ಕಸದ ಚೀಲ ಹಿಡಿದು ಕಂಬದ ಹತ್ತಿರ ಬಂದ. ಸುಮ್ಮನಿರಬೇಕು ಎಂದು ಬೆಳಗಿನಿಂದ ಹಲ್ಲು ಕಚ್ಚಿಕೊಂಡಿದ್ದೆ. ಆಗಲಿಲ್ಲ.

"ನಿನ್ನೆ ಅವಳು ನಿನ್ನ ಕೂಗಿದ್ಲು ಕಣೋ."

"ಯಾವಾಗ?"

"ನೀನು ಓಡೋವಾಗ. ಅಪ್ಪಾ ಅಂತ ಕೂಗಿದ್ಲು. ಹೋಗ್ಲಿ ಬಿಡಪ್ಪಾ ಅಂದ್ಲು. ಗಾಡಿ ತಪ್ಪಿಸ್ಬೇಕು ಅಂತಾನೇ ಕೂತಿದ್ಲು, ಗುಡೀವರೆಗೂ ಹೋಗೋಕೆ. ನಾನೇ ಎಲ್ಲ ಹೇಳಿದ್ದೆ ಅವಳಿಗೆ."

ದೂರದಲ್ಲಿ ಹಾಡು ಶುರುವಾಯಿತು.

"ಜೋರಾಗಿ ಕೂಗಿದ್ಲಾ?"

"ಜೋರಾಗೇ ಕೂಗಿದ್ಲು."

"ಹೆಂಗೆ? ಮೊದ್ಲು ಕರೀತಿದ್ಲಲ್ಲ, ಹಂಗೇನಾ?"

"ಹಂಗೇ ಕಣೋ. ಫೋನ್ ಮಾಡೋ, ಈಗ್ಲೇ ಮಾಡು."

ಅವನು ಜೇಬಿನಿಂದ ಫೋನು ತೆಗೆದ, ಹೆಬ್ಬೆರಳಿನಿಂದ ಗಾಜು ಒರೆಸಿದ, ಮತ್ತೆ ಒಳಗಿಟ್ಟ. "ಏನಂತ ಹೇಳ್ಲಿ ಅಕ್ಕಾ? ಕಸದ ಗಾಡಿ ಹಿಡಿದೆ, ತಪ್ಪಾಯ್ತು ಅಂತಲಾ?"

ಗಾಡಿ ಬಂದು ನಿಂತಿತು. ಎಲ್ಲರೂ ಎಸೆದರು. ಅವನು ಆ ಪುಟ್ಟ ಚೀಲವನ್ನು ಹಿಡಿದುಕೊಂಡೇ ನಿಂತಿದ್ದ. ಗಾಡಿ ಹೊರಟಿತು.

"ಏನಯ್ಯಾ ಕುನ್‌ಷಾನ್," ಔಷಧಿ ಅಂಗಡಿಯ ಮುದುಕ ಮೆಲ್ಲಗೆ ಕೇಳಿದ, "ಮತ್ತೆ ಶುರುವಾಯ್ತಾ ನಿಂದು?"

ಅವನು ಹಾಡು ಹೋದ ದಾರಿಯಲ್ಲೇ ಕುಂಟುತ್ತಾ ಹೊರಟ. "ನಿಲ್ಲೋ, ನಾನೂ ಬರ್ತೀನಿ" ಎಂದು ಕೂಗಿದೆ. ತಿರುಗದೆಯೇ ಬೇಡ ಎಂದು ಕೈ ಆಡಿಸಿದ. ಕಾಲುವೆ ಸೇತುವೆಯ ಮೇಲೆ ಸ್ವಲ್ಪ ಹೊತ್ತು ನಿಂತು, ಕೆಳಗೆ ನೀರಿನ ಕಡೆ ನೋಡಿದ. ಕೊಕ್ಕರೆ ಇತ್ತೋ ಇಲ್ಲವೋ, ಅಂಗಡಿಯಿಂದ ನನಗೆ ಕಾಣಲಿಲ್ಲ.